ಕೋವಿ ಹಿಡಿದವರ ವರ್ಷದ ಗುರಿ: ಬೇಟೆಯಿಂದ ಅಂಕಪಟ್ಟಿಯವರೆಗೆ

ಹೊಸ ವರ್ಷ ಬಂತೆಂದರೆ ಸಂಕಲ್ಪಗಳ ಸುಗ್ಗಿ. ತೂಕ ಇಳಿಸುವವರು, ಮುಂಜಾನೆ ಏಳುವವರು, ಸಿಗರೇಟು ಬಿಡುವವರು ತಮ್ಮ ತಮ್ಮ ಪಟ್ಟಿಗಳನ್ನು ಸಿದ್ಧಪಡಿಸಿಕೊಳ್ಳುವಂತೆಯೇ ರೈಫಲ್, ಪಿಸ್ತೂಲು, ಕೋವಿಗಳನ್ನು ಹವ್ಯಾಸವಾಗಿ ಹಿಡಿದವರೂ ವರ್ಷದ ಆರಂಭದಲ್ಲಿ ತಮ್ಮದೇ ಆದ ಗುರಿಗಳನ್ನು ಹಾಕಿಕೊಳ್ಳುತ್ತಾರೆ. ಇಂತಿಷ್ಟು ಅಂಕ ಗಳಿಸಬೇಕು, ಇಂತಹ ಸ್ಪರ್ಧೆಗೆ ಅರ್ಹತೆ ಪಡೆಯಬೇಕು, ವಾರಕ್ಕೆ ಇಷ್ಟು ದಿನ ಅಭ್ಯಾಸ ಮಾಡಬೇಕು ಎಂಬುದು ಅವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಂಡುಬರುವ ಅಂಶಗಳು. ಎರಡು ತಲೆಮಾರುಗಳ ಹಿಂದೆ ಈ ಪಟ್ಟಿಯಲ್ಲಿ ಕಾಡುಹಂದಿ, ಕಡವೆ, ಚಿರತೆಗಳ ಲೆಕ್ಕ ಇರುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಈ ಬದಲಾವಣೆ ಹೇಗಾಯಿತು, ಇಂದಿನ ಕಾನೂನು ಏನನ್ನು ಒಪ್ಪುತ್ತದೆ, ಹವ್ಯಾಸಿ ಗುರಿಕಾರ ಹಾಕಿಕೊಳ್ಳಬಹುದಾದ ಸಾಧ್ಯ ಗುರಿಗಳು ಯಾವುವು ಎಂಬುದರ ಸಮಗ್ರ ಪರಿಚಯ ಇಲ್ಲಿದೆ.

ಶಿಕಾರಿಯ ಕಾಲ

ಕನ್ನಡ ನಾಡಿಗೆ ಶಿಕಾರಿ ಹೊಸದಲ್ಲ. ಮಲೆನಾಡು, ಕರಾವಳಿ ಮತ್ತು ಕೊಡಗಿನ ಮನೆಗಳಲ್ಲಿ ಕೇಪಿನ ಕೋವಿ, ಒಂಟಿ ನಳಿಗೆ, ಜೋಡು ನಳಿಗೆಯ ತೋಟಾ ಕೋವಿಗಳು ಗದ್ದೆ-ತೋಟಗಳ ಕಾವಲಿಗೂ, ಬೇಟೆಗೂ ಬಳಕೆಯಾಗುತ್ತಿದ್ದವು. ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ (1910-1974) ನರಭಕ್ಷಕ ಪ್ರಾಣಿಗಳ ಬೇಟೆಯ ಅನುಭವಗಳನ್ನು ಇಂಗ್ಲಿಷಿನಲ್ಲಿ ಬರೆದರು. ಅವನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕಥೆಗಳು’ ಮಾಲಿಕೆಯ ಮೂಲಕ ಕನ್ನಡದ ಓದುಗರ ಮನೆಮಾತಾಗಿಸಿದರು. ಕೆದಂಬಾಡಿ ಜತ್ತಪ್ಪ ರೈ ಅವರ ‘ಬೇಟೆಯ ನೆನಪುಗಳು’ ಕೃತಿಯೂ ಇದೇ ಲೋಕದ ದಾಖಲೆ. ಇವುಗಳನ್ನು ಓದಿದವರಿಗೆ ಅಂದಿನ ಬೇಟೆಗಾರನ ವರ್ಷದ ಲೆಕ್ಕಾಚಾರ ಹೇಗಿರುತ್ತಿತ್ತು ಎಂಬುದರ ಕಲ್ಪನೆ ಸಿಗುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಲೆಕ್ಕಾಚಾರಕ್ಕೆ ಕಡಿವಾಣ ಹಾಕಿತು. ಆರಂಭದಲ್ಲಿ ಕೆಲವು ಪ್ರಾಣಿಗಳನ್ನು ಪರವಾನಗಿ ಪಡೆದು ಬೇಟೆಯಾಡುವ ಅವಕಾಶವನ್ನು ಕಾಯ್ದೆ ಉಳಿಸಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಇಂದು ವಿನೋದಕ್ಕಾಗಿ ಕಾಡುಪ್ರಾಣಿಯನ್ನು ಕೊಲ್ಲುವುದಕ್ಕೆ ಭಾರತದಲ್ಲಿ ಯಾವುದೇ ಪರವಾನಗಿ ಇಲ್ಲ. ಕಾಯ್ದೆಯ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದು ಮಾತ್ರವಲ್ಲ. ಗಾಯಗೊಳಿಸುವುದು, ಬಲೆಗೆ ಕೆಡಹುವುದು, ಅದಕ್ಕಾಗಿ ಸೋವುವುದು, ಹಕ್ಕಿಯ ಮೊಟ್ಟೆ-ಗೂಡುಗಳನ್ನು ಹಾಳುಗೆಡವುವುದು, ಇಂತಹ ಪ್ರಯತ್ನ ನಡೆಸುವುದು ಇವೆಲ್ಲವೂ ಬೇಟೆಯೇ. 2022ರ ತಿದ್ದುಪಡಿಯ ನಂತರ ಮೊದಲ ಪರಿಚ್ಛೇದದ ಪ್ರಾಣಿಗಳ ಬೇಟೆಗೆ 3ರಿಂದ 7 ವರ್ಷಗಳ ಸೆರೆವಾಸ ಹಾಗೂ ಕನಿಷ್ಠ 25 ಸಾವಿರ ರೂಪಾಯಿ ದಂಡದ ಶಿಕ್ಷೆ ಇದೆ. ಮನುಷ್ಯರ ಜೀವಕ್ಕೆ ಅಪಾಯ ತಂದೊಡ್ಡುವ ಪ್ರಾಣಿಯ ವಿಷಯದಲ್ಲಿ ಅನುಮತಿ ನೀಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರದ್ದೇ ಹೊರತು ಕೋವಿ ಹಿಡಿದವನದ್ದಲ್ಲ.

ಆದ್ದರಿಂದ ನಮ್ಮಲ್ಲಿ ಕೋವಿಯ ಹವ್ಯಾಸಕ್ಕೆ ಉಳಿದಿರುವ ಕಾನೂನುಸಮ್ಮತ ದಾರಿ ಒಂದೇ: ನಿರ್ಜೀವ ಗುರಿಗೆ ಹೊಡೆಯುವ ಕ್ರೀಡೆ.

ಕೊಡಗಿನ ವಿಶೇಷ

ರಾಜ್ಯದಲ್ಲಿ ಕೋವಿ ಸಂಸ್ಕೃತಿಯ ಭಾಗವಾಗಿಯೇ ಉಳಿದಿರುವುದು ಕೊಡಗಿನಲ್ಲಿ. 1861ರಲ್ಲಿ ಮಾರ್ಕ್ ಕಬ್ಬನ್ ಹೊರಡಿಸಿದ ಪ್ರಕಟಣೆ ಕೊಡವರಿಗೆ ಆಯುಧ ನಿಷೇಧದಿಂದ ವಿನಾಯಿತಿ ನೀಡಿತು. ಸ್ವಾತಂತ್ರ್ಯಾನಂತರವೂ ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಆಯುಧ ಪರವಾನಗಿಯಿಂದ ವಿನಾಯಿತಿ ಮುಂದುವರಿದಿದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟ್ ಈ ವಿನಾಯಿತಿಯನ್ನು ಎತ್ತಿ ಹಿಡಿಯಿತು.

ನಾಟಿ ಮುಗಿದ ಬಳಿಕ ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್ ಪೋಳ್ದ್ ಹಬ್ಬದಂದು ಕೋವಿ-ಕತ್ತಿಗಳಿಗೆ ಪೂಜೆ ಸಲ್ಲುತ್ತದೆ. ಪುತ್ತರಿಯಂದು ಕದಿರು ಕೊಯ್ಯುವಾಗ ಗುಂಡು ಹಾರಿಸುವುದು ರೂಢಿ. ಕೈಲ್ ಪೋಳ್ದಿನ ನಂತರ ಹಿಂದೆ ಸಾಮೂಹಿಕ ಬೇಟೆ ನಡೆಯುತ್ತಿತ್ತು. ಇಂದು ಹಬ್ಬದ ಆಕರ್ಷಣೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ದೂರದಲ್ಲಿ ಕಟ್ಟಿದ ಕಾಯಿಯನ್ನು ಒಡೆಯುವ ಈ ಪಂದ್ಯದಲ್ಲಿ ಹೆಣ್ಣುಮಕ್ಕಳೂ ಹಿರಿಯರೂ ಪಾಲ್ಗೊಳ್ಳುತ್ತಾರೆ. ‘ಈ ವರ್ಷ ಕಾಯಿ ಒಡೆಯಲೇಬೇಕು’ ಎಂಬುದು ಅಲ್ಲಿನ ಅನೇಕರ ಮಟ್ಟಿಗೆ ವರ್ಷದ ಗುರಿ. ಬೇಟೆಯ ಕೌಶಲ ಉಳಿದು ಬೇಟೆ ಮಾತ್ರ ಹೊರಟುಹೋದದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಪರವಾನಗಿಯ ವಿನಾಯಿತಿ ವನ್ಯಜೀವಿ ಕಾಯ್ದೆಯಿಂದ ವಿನಾಯಿತಿ ಅಲ್ಲ ಎಂಬುದನ್ನು ಮಾತ್ರ ಇಲ್ಲಿ ಒತ್ತಿ ಹೇಳಬೇಕಾಗುತ್ತದೆ.

ಜೀವಂತ ಪಾರಿವಾಳದಿಂದ ಮಣ್ಣಿನ ಬಿಲ್ಲೆಗೆ

ಬೇಟೆ ಕ್ರೀಡೆಯಾಗಿ ಮಾರ್ಪಟ್ಟ ಕಥೆ ಯುರೋಪಿನಲ್ಲೂ ಇದೇ ಬಗೆಯದು. 1900ರ ಪ್ಯಾರಿಸ್ ಒಲಿಂಪಿಕ್ಸ್ ವೇಳೆ ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಹೊಡೆಯುವ ಸ್ಪರ್ಧೆ ನಡೆದಿತ್ತು. ಕ್ರಮೇಣ ಪಾರಿವಾಳದ ಸ್ಥಾನಕ್ಕೆ ಸುಮಾರು 110 ಮಿಲಿಮೀಟರ್ ಅಗಲದ, ಯಂತ್ರದಿಂದ ಚಿಮ್ಮುವ ಬಿಲ್ಲೆ ಬಂತು. ಹಕ್ಕಿಗಳನ್ನು ಕೂಡಿಡುತ್ತಿದ್ದ ಬೋನಿನ ಹೆಸರೇ ಇಂದಿಗೂ ಈ ಕ್ರೀಡೆಗೆ ಉಳಿದಿದೆ: ‘ಟ್ರ್ಯಾಪ್’. ಬಿಕಾನೇರದ ಮಹಾರಾಜ ಕರ್ಣಿ ಸಿಂಗ್ 1962ರ ಕೈರೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದದ್ದು ಇದೇ ವಿಭಾಗದಲ್ಲಿ. ದೆಹಲಿಯ ತುಘಲಕಾಬಾದಿನ ಶೂಟಿಂಗ್ ರೇಂಜಿಗೆ ಅವರದೇ ಹೆಸರಿಡಲಾಗಿದೆ.

2004ರಲ್ಲಿ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪ್ ಬೆಳ್ಳಿ, 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಏರ್ ರೈಫಲ್ ಚಿನ್ನ ಗೆದ್ದ ಬಳಿಕ ಕೋವಿಯ ಕ್ರೀಡೆ ನಗರದ ಮಧ್ಯಮವರ್ಗದ ಮನೆಗಳಿಗೂ ಪ್ರವೇಶಿಸಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು, ಸರಬ್‌ಜೋತ್ ಸಿಂಗ್ ಜೊತೆಗೂಡಿ ಪಡೆದದ್ದೂ ಸೇರಿ, ಹಾಗೂ ಸ್ವಪ್ನಿಲ್ ಕುಸಾಳೆ ಒಂದು ಕಂಚು ಗಳಿಸಿದರು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ನ 50 ಮೀಟರ್ ಪಿಸ್ತೂಲು ಸ್ಪರ್ಧೆಯಲ್ಲಿ ದೇಶವನ್ನು ಪ್ರತಿನಿಧಿಸಿದರು. ಬಾಸ್ಕೆಟ್‌ಬಾಲ್ ಆಡುತ್ತಿದ್ದು ನಂತರ ಪಿಸ್ತೂಲು ಹಿಡಿದ ಬೆಂಗಳೂರಿನ ಟಿ.ಎಸ್. ದಿವ್ಯಾ 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ತಂಡ ಮತ್ತು ಮಿಶ್ರ ತಂಡ ವಿಭಾಗಗಳಲ್ಲಿ ಎರಡು ಬೆಳ್ಳಿ ತಂದರು.

ಹವ್ಯಾಸಿಗೆ ಯಾವ ವಿಭಾಗ?

ಗುರಿ ಹಾಕಿಕೊಳ್ಳುವ ಮೊದಲು ವಿಭಾಗ ಯಾವುದೆಂದು ತೀರ್ಮಾನಿಸಬೇಕು. ಪ್ರಮುಖ ವಿಭಾಗಗಳು ಹೀಗಿವೆ:

10 ಮೀಟರ್ ಏರ್ ರೈಫಲ್: ನಗರವಾಸಿಗೆ ಅತ್ಯಂತ ಸುಲಭವಾಗಿ ದಕ್ಕುವ ವಿಭಾಗ. 4.5 ಮಿಲಿಮೀಟರ್ ವ್ಯಾಸದ ಸೀಸದ ಗುಂಡು, 60 ಹೊಡೆತ, ಅವಧಿ ಒಂದೂಕಾಲು ಗಂಟೆ. ಗುರಿಯ ನಡುವಿನ ಹತ್ತರ ಚುಕ್ಕೆಯ ಅಗಲ ಕೇವಲ ಅರ್ಧ ಮಿಲಿಮೀಟರ್, ಅಂದರೆ ಗುಂಡಿನ ಒಂಬತ್ತನೆಯ ಒಂದು ಭಾಗ. ದಶಮಾಂಶ ಪದ್ಧತಿಯಲ್ಲಿ ಒಂದು ಹೊಡೆತಕ್ಕೆ ಗರಿಷ್ಠ 10.9, ಒಟ್ಟು 654 ಅಂಕ. ರೈಫಲ್ಲಿನ ತೂಕ ಐದೂವರೆ ಕಿಲೋ ಮೀರುವಂತಿಲ್ಲ.

10 ಮೀಟರ್ ಏರ್ ಪಿಸ್ತೂಲು: ಒಂದೇ ಕೈಯಲ್ಲಿ ಹಿಡಿದು ಹೊಡೆಯಬೇಕು. ಹತ್ತರ ವೃತ್ತ 11.5 ಮಿಲಿಮೀಟರ್. ಪಿಸ್ತೂಲಿನ ತೂಕ ಒಂದೂವರೆ ಕಿಲೋ ಒಳಗಿರಬೇಕು. ಕುದುರೆ ಎಳೆಯಲು ಕನಿಷ್ಠ 500 ಗ್ರಾಂ ಬಲ ಬೇಕಾಗುವಂತಿರಬೇಕು. 60 ಹೊಡೆತಕ್ಕೆ ಗರಿಷ್ಠ 600.

50 ಮೀಟರ್ ರೈಫಲ್: ಪಾಯಿಂಟ್ 22 ತೋಟಾ ಬಳಸಿ ಮಂಡಿಯೂರಿ, ಮಲಗಿ, ನಿಂತು ಹೀಗೆ ಮೂರು ಭಂಗಿಗಳಲ್ಲಿ ಹೊಡೆಯುವ ವಿಭಾಗ. ಸ್ವಪ್ನಿಲ್ ಪದಕ ಗೆದ್ದದ್ದು ಇದರಲ್ಲಿ.

ಟ್ರ್ಯಾಪ್ ಮತ್ತು ಸ್ಕೀಟ್: 12 ಬೋರ್ ಕೋವಿಯಿಂದ ಹಾರುವ ಬಿಲ್ಲೆಗಳನ್ನು ಒಡೆಯುವುದು. ಅರ್ಹತಾ ಸುತ್ತಿಗೆ 125 ಬಿಲ್ಲೆಗಳು. ಹಳೆಯ ಬೇಟೆಗಾರ ಕುಟುಂಬದವರಿಗೆ ಪ್ರಿಯವಾದರೂ ರೇಂಜು ವಿರಳ, ತೋಟಾ ದುಬಾರಿ.

ಅಂಕದ ಗುರಿ ಹೇಗಿರಬೇಕು?

ಹವ್ಯಾಸಿಗಳು ಮಾಡುವ ಸಾಮಾನ್ಯ ತಪ್ಪೆಂದರೆ ತಮ್ಮ ಅತ್ಯುತ್ತಮ ದಿನದ ಅಂಕವನ್ನೇ ಆಧಾರವಾಗಿಟ್ಟುಕೊಂಡು ಮುಂದಿನ ಗುರಿ ಬರೆಯುವುದು. ಕಳೆದ ಹತ್ತು ಪೂರ್ಣ ಸುತ್ತುಗಳ ಸರಾಸರಿಯೇ ನಿಜವಾದ ಮಟ್ಟ. ಏರ್ ಪಿಸ್ತೂಲಿನಲ್ಲಿ ಸರಾಸರಿ 540 ಇರುವವನು ಒಂದು ಹೊಡೆತಕ್ಕೆ 9 ಅಂಕ ಗಳಿಸುತ್ತಿದ್ದಾನೆ ಎಂದರ್ಥ. ಅದನ್ನು 555ಕ್ಕೆ ಏರಿಸುವುದೆಂದರೆ ಹೊಡೆತಕ್ಕೆ ಕಾಲು ಅಂಕ ಹೆಚ್ಚಿಸುವುದು, ಎಂದರೆ ನಾಲ್ಕು ಒಂಬತ್ತುಗಳ ಪೈಕಿ ಒಂದನ್ನು ಹತ್ತಾಗಿಸುವುದು. ಕೇಳಲು ಅಲ್ಪವೆನಿಸಿದರೂ ಒಂದು ವರ್ಷಕ್ಕೆ ಇದು ಗೌರವಾನ್ವಿತ ಗುರಿ. ಪ್ಯಾರಿಸ್‌ನಲ್ಲಿ ಮನು ಭಾಕರ್ ಅರ್ಹತಾ ಸುತ್ತಿನಲ್ಲಿ ಗಳಿಸಿದ್ದು 580 ಎಂಬುದನ್ನು ನೆನೆದರೆ ಮೇಲಿನ ಮೆಟ್ಟಿಲುಗಳು ಎಷ್ಟು ಕಿರಿದಾಗುತ್ತಾ ಹೋಗುತ್ತವೆಂಬುದು ತಿಳಿಯುತ್ತದೆ. ಅಲ್ಲಿನ ಫೈನಲ್‌ನಲ್ಲಿ ಅವರಿಗೆ ಬೆಳ್ಳಿಯ ಹೋರಾಟದಲ್ಲಿ ಉಳಿಯುವ ಅವಕಾಶ ತಪ್ಪಿದ್ದು 0.1 ಅಂಕದಿಂದ.

ಅಂಕ ಪೂರ್ತಿಯಾಗಿ ಗುರಿಕಾರನ ಕೈಯಲ್ಲಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇದೇ ಮನು ಅವರ ಪಿಸ್ತೂಲು ಸ್ಪರ್ಧೆಯ ನಡುವೆ ಕೈಕೊಟ್ಟು ಅಮೂಲ್ಯ ನಿಮಿಷಗಳು ಕಳೆದುಹೋದವು. 575 ಅಂಕಗಳೊಂದಿಗೆ ಅವರು ಫೈನಲ್ ತಲುಪಲಿಲ್ಲ. ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಬಿಂದ್ರಾ ಅರ್ಹತಾ ಸುತ್ತಿನಲ್ಲಿ 596 ಅಂಕ ಗಳಿಸಿ ನಾಲ್ಕನೆಯವರಾಗಿದ್ದರು. ಕೊನೆಯ ಗುಂಡಿಗೆ 10.8 ಹೊಡೆದು ಗೆದ್ದರು. ಫಲದ ಗುರಿಯೊಂದನ್ನೇ ಹಿಡಿದು ಕುಳಿತವನಿಗೆ ಟೋಕಿಯೊದಂತಹ ದಿನದ ಬಳಿಕ ಏನೂ ಉಳಿಯದು. ಈ ಕಾರಣದಿಂದಲೇ ತರಬೇತುದಾರರು ಅಂಕದ ಗುರಿಯ ಪಕ್ಕದಲ್ಲಿ ಅಭ್ಯಾಸದ ಗುರಿಯನ್ನೂ ಬರೆಯಲು ಸೂಚಿಸುತ್ತಾರೆ.

ಅಭ್ಯಾಸದ ಗುರಿಗಳು

ವಾರಕ್ಕೆ ಮೂರು ದಿನ, ದಿನಕ್ಕೆ 40 ಹೊಡೆತ ಎಂದು ಇಟ್ಟುಕೊಂಡರೆ 50 ವಾರಗಳಲ್ಲಿ 6,000 ಹೊಡೆತಗಳಾಗುತ್ತವೆ. ಉದ್ಯೋಗಸ್ಥರಿಗೆ ಇದು ಸಾಧ್ಯವಿರುವ ಪ್ರಮಾಣ. ಇದರ ಜೊತೆಗೆ ಗುಂಡಿಲ್ಲದೆ ನಡೆಸುವ ಖಾಲಿ ಅಭ್ಯಾಸಕ್ಕೆ ವಿಶೇಷ ಮಹತ್ವವಿದೆ. ಗೋಡೆಯ ಮೇಲಿನ ಚುಕ್ಕೆಗೆ ಗುರಿಯಿಟ್ಟು, ನಿಲುವು ಸರಿಪಡಿಸಿಕೊಂಡು, ಉಸಿರು ಹಿಡಿದು, ಕುದುರೆಯನ್ನು ಮೆಲ್ಲಗೆ ಎಳೆದು, ಎಳೆದ ನಂತರವೂ ಕೆಲ ಕ್ಷಣ ಕದಲದೆ ನಿಲ್ಲುವ ಕ್ರಮ ಇದು. ಖರ್ಚಿಲ್ಲ, ಸದ್ದಿಲ್ಲ, ಹಿಂದೇಟು ಇಲ್ಲವಾದ್ದರಿಂದ ಕೈಯ ದೋಷ ಕಣ್ಣಿಗೆ ಕಾಣುತ್ತದೆ. ಅಭ್ಯಾಸಕ್ಕೆ ಮುನ್ನ ಆಯುಧ ಖಾಲಿಯಿದೆ ಎಂದು ಎರಡು ಬಾರಿ ಖಚಿತಪಡಿಸಿಕೊಂಡು, ಗುಂಡುಗಳನ್ನು ಬೇರೆ ಕೋಣೆಯಲ್ಲಿ ಇಡುವುದು ಕಡ್ಡಾಯ.

ದಿನಚರಿ ಬರೆಯುವುದು ಇನ್ನೊಂದು ಉಪಯುಕ್ತ ಗುರಿ. ದಿನಾಂಕ, ಬೆಳಕು, ಅಂಕ, ಗುಂಡುಗಳು ಗುರಿಯ ಯಾವ ಬದಿಗೆ ಗುಂಪುಗೂಡಿದವು, ಆ ದಿನದ ನಿದ್ದೆ ಎಷ್ಟು ಇವಿಷ್ಟನ್ನು ನಾಲ್ಕು ಸಾಲುಗಳಲ್ಲಿ ಬರೆದಿಟ್ಟರೂ ಆರು ತಿಂಗಳ ನಂತರ ಅದೇ ಉತ್ತಮ ಗುರುವಾಗುತ್ತದೆ. ಗುಂಡುಗಳು ಒಂದೆಡೆ ಒತ್ತಾಗಿ ಬಿದ್ದು ನಡುವಿನಿಂದ ದೂರವಿದ್ದರೆ ದೋಷ ನೋಟದ ಕಣ್ಣಿಯ ಹೊಂದಾಣಿಕೆಯಲ್ಲಿರಬಹುದು; ಎಲ್ಲೆಡೆ ಚದುರಿದ್ದರೆ ಅದು ಹಿಡಿತ ಮತ್ತು ನಿಲುವಿನ ದೋಷವೆಂದು ತಿಳಿಯಬಹುದು.

ದೇಹದ ಗುರಿಗಳನ್ನೂ ಕಡೆಗಣಿಸುವಂತಿಲ್ಲ. ಬೆನ್ನು, ಭುಜ, ಕಾಲುಗಳ ಬಲ, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ, ಶ್ರವಣ ಪರೀಕ್ಷೆ ಇವು ಪಟ್ಟಿಯಲ್ಲಿರಲಿ. ರಕ್ತದೊತ್ತಡ ಇರುವವರು ಗಮನಿಸಬೇಕಾದ ಸಂಗತಿಯೊಂದಿದೆ: ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳು ಕೈನಡುಕ ತಗ್ಗಿಸುವುದರಿಂದ ಶೂಟಿಂಗ್ ಕ್ರೀಡೆಯಲ್ಲಿ ಅವುಗಳಿಗೆ ನಿಷೇಧವಿದೆ. ಸ್ಪರ್ಧಿಸುವ ಇಚ್ಛೆಯಿದ್ದರೆ ವೈದ್ಯರೊಂದಿಗೆ ಮೊದಲೇ ಚರ್ಚಿಸಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ಸ್ಪರ್ಧೆಯ ಮೆಟ್ಟಿಲುಗಳು

1951ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ರೈಫಲ್ ಸಂಸ್ಥೆಗೆ ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್ ಮೊದಲ ಅಧ್ಯಕ್ಷರು. ಅವರ ಹೆಸರಿನ ಅಖಿಲ ಭಾರತ ಸ್ಪರ್ಧೆ ರಾಷ್ಟ್ರೀಯ ಕೂಟಕ್ಕೆ ಅರ್ಹತೆ ನೀಡುವ ಮೆಟ್ಟಿಲು. ಕ್ಲಬ್, ರಾಜ್ಯ ಚಾಂಪಿಯನ್‌ಷಿಪ್, ಅರ್ಹತಾ ಸ್ಪರ್ಧೆ, ರಾಷ್ಟ್ರೀಯ ಕೂಟ ಎಂಬುದು ಸಾಮಾನ್ಯ ಕ್ರಮ. ರಾಷ್ಟ್ರೀಯ ಕೂಟದಲ್ಲಿ ನಿಗದಿತ ಕನಿಷ್ಠ ಅಂಕ ಗಳಿಸಿದವರಿಗೆ ಸಿಗುವ ‘ರಿನೌನ್ಡ್ ಶಾಟ್’ ಮಾನ್ಯತೆ ಅನೇಕ ಹವ್ಯಾಸಿಗಳ ಬಹುವರ್ಷಗಳ ಕನಸು. ಮೊದಲ ವರ್ಷದವರಿಗೆ ಪದಕಕ್ಕಿಂತಲೂ ಎರಡು ಅಥವಾ ಮೂರು ಅಧಿಕೃತ ಸ್ಪರ್ಧೆಗಳಲ್ಲಿ ಪೂರ್ಣ ಸುತ್ತು ಮುಗಿಸುವುದೇ ತಕ್ಕ ಗುರಿ. ಅಭ್ಯಾಸದ ಅಂಕಕ್ಕೂ ಸ್ಪರ್ಧೆಯ ಅಂಕಕ್ಕೂ ನಡುವಿನ ಅಂತರವನ್ನು ಕಡಿಮೆ ಮಾಡುವುದು ಎರಡನೆಯ ವರ್ಷದ ಕೆಲಸ.

ಕಾನೂನಿನ ಪಟ್ಟಿ

4.5 ಮಿಲಿಮೀಟರ್ ಮೀರದ, 20 ಜೂಲ್‌ಗಿಂತ ಹೆಚ್ಚಿನ ಶಕ್ತಿಯಿಲ್ಲದ ಏರ್ ಗನ್‌ಗಳಿಗೆ 2016ರ ಆಯುಧ ನಿಯಮಗಳಂತೆ ಪರವಾನಗಿ ಬೇಕಿಲ್ಲ. ಮದ್ದಿನ ಆಯುಧಗಳಿಗೆ ಜಿಲ್ಲಾಧಿಕಾರಿ ಅಥವಾ ಪೊಲೀಸ್ ಆಯುಕ್ತರ ಪರವಾನಗಿ ಅನಿವಾರ್ಯ. 2019ರ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಹೆಚ್ಚಿಸಿತು. ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕ್ರೀಡಾಪಟುಗಳಿಗೆ ಪ್ರತ್ಯೇಕ ವಿನಾಯಿತಿಗಳಿವೆ. ಮದುವೆ-ಮೆರವಣಿಗೆಗಳಲ್ಲಿ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅದೇ ತಿದ್ದುಪಡಿ ಅವಕಾಶ ಕಲ್ಪಿಸಿದೆ. ಪರವಾನಗಿ ನವೀಕರಣದ ದಿನಾಂಕವನ್ನು ಅಭ್ಯಾಸದ ದಿನಚರಿಯ ಮೊದಲ ಪುಟದಲ್ಲೇ ಬರೆದಿಡುವುದು ಒಳಿತು. ಚುನಾವಣೆ ಸಮಯದಲ್ಲಿ ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡುವಂತೆ ಆದೇಶ ಹೊರಡುವುದು ವಾಡಿಕೆಯಾದ್ದರಿಂದ ಅದನ್ನೂ ವರ್ಷದ ಯೋಜನೆಯಲ್ಲಿ ಗಣನೆಗೆ ತೆಗೆದುಕೊಳ್ಳಬೇಕು.

ಏರ್ ಗನ್‌ಗೆ ಪರವಾನಗಿ ಬೇಡವೆಂದ ಮಾತ್ರಕ್ಕೆ ಅದರಿಂದ ಹಕ್ಕಿ ಹೊಡೆಯಲು ಅನುಮತಿ ಸಿಕ್ಕಂತಲ್ಲ. ರಜೆಯಲ್ಲಿ ಊರಿಗೆ ಹೋದ ಹುಡುಗರು ಗಿಳಿ, ಪಾರಿವಾಳ, ಕೊಕ್ಕರೆಗಳ ಮೇಲೆ ಕೈ ನೋಡಿಕೊಳ್ಳುವುದು ಆಟವೆನಿಸಿದರೂ ಕಾನೂನಿನ ಕಣ್ಣಿಗೆ ಅದು ಬೇಟೆಯೇ.

ಹೊರನಾಡುಗಳ ಬೇಟೆಗಾರರು

ಬೇಟೆ ಕಾನೂನುಸಮ್ಮತವಾಗಿರುವ ದೇಶಗಳಲ್ಲಿ ವರ್ಷದ ಗುರಿಗಳು ಬೇರೆ ಬಗೆಯವು. ಅಮೆರಿಕದಲ್ಲಿ ಯಾವ ಪ್ರಾಣಿಯನ್ನು ಯಾವ ತಿಂಗಳಲ್ಲಿ ಎಷ್ಟು ಸಂಖ್ಯೆಯಲ್ಲಿ ಹೊಡೆಯಬಹುದೆಂಬುದನ್ನು ಆಯಾ ರಾಜ್ಯ ನಿಗದಿಪಡಿಸುತ್ತದೆ. ಅಲ್ಲಿನ ಹವ್ಯಾಸಿಯ ಪಟ್ಟಿಯಲ್ಲಿ ಋತು ಆರಂಭಕ್ಕೆ ಮುನ್ನ ರೈಫಲ್ಲಿನ ನೋಟ ಸರಿಪಡಿಸುವುದು, ಬಿಲ್ಲು-ಬಾಣದಿಂದ ಜಿಂಕೆ ಬೇಟೆ ಕಲಿಯುವುದು, ಮಕ್ಕಳನ್ನು ಬೇಟೆಗಾರರ ಸುರಕ್ಷತಾ ತರಬೇತಿಗೆ ಸೇರಿಸುವುದು ಮುಂತಾದವು ಇರುತ್ತವೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯನ್ವಯ ಬಂದೂಕು ಮತ್ತು ತೋಟಾಗಳ ಮೇಲಿನ ವಿಶೇಷ ತೆರಿಗೆಯ ಹಣ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ. ಸೀಸದ ಗುಂಡಿನಿಂದ ರಣಹದ್ದುಗಳಿಗೆ ವಿಷವೇರುವುದನ್ನು ತಡೆಯಲು ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಬೇಟೆಯಲ್ಲಿ ಸೀಸವನ್ನು ಸಂಪೂರ್ಣ ನಿಷೇಧಿಸಿತು. ಜರ್ಮನಿಯಲ್ಲಿ ಬೇಟೆಗೆ ಇಳಿಯುವವರು ಪ್ರಾಣಿಶಾಸ್ತ್ರ, ಕಾನೂನು ಮತ್ತು ಗುರಿ ಹೊಡೆಯುವಿಕೆಯಲ್ಲಿ ಕಠಿಣ ಪರೀಕ್ಷೆ ಪಾಸಾಗಬೇಕು. ಆ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಿನ ನಿಯಮಗಳನ್ನು ಪೂರ್ತಿಯಾಗಿ ಅರಿತೇ ಈ ಹವ್ಯಾಸಕ್ಕೆ ಕೈಹಾಕಬೇಕಾಗುತ್ತದೆ.

ಕೆಳಗಿಟ್ಟ ಕೋವಿಯೂ ಗುರಿಯೇ

ನಮ್ಮ ದೇಶದಲ್ಲೇ ಇನ್ನೊಂದು ಬಗೆಯ ಸಂಕಲ್ಪಕ್ಕೆ ಉದಾಹರಣೆಗಳಿವೆ. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ 2012ರಲ್ಲಿ ವಲಸೆ ಬಂದ ಅಮುರ್ ಚಾಣಗಳನ್ನು ಭಾರಿ ಪ್ರಮಾಣದಲ್ಲಿ ಹಿಡಿದು ಕೊಲ್ಲುತ್ತಿದ್ದ ಸುದ್ದಿ ಹೊರಬಿತ್ತು. ಮರುವರ್ಷವೇ ಅಲ್ಲಿನ ಗ್ರಾಮಸ್ಥರು ಬೇಟೆ ನಿಲ್ಲಿಸುವ ನಿರ್ಣಯ ಕೈಗೊಂಡು ಅದೇ ಹಕ್ಕಿಗಳ ಕಾವಲಿಗೆ ನಿಂತರು. ಅರುಣಾಚಲ ಪ್ರದೇಶದಲ್ಲಿ 2021ರ ಮಾರ್ಚ್‌ನಲ್ಲಿ ಆರಂಭವಾದ ಏರ್ ಗನ್ ಒಪ್ಪಿಸುವ ಅಭಿಯಾನದಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ತಮ್ಮ ಏರ್ ಗನ್‌ಗಳನ್ನು ಸ್ವಇಚ್ಛೆಯಿಂದ ಸರ್ಕಾರಕ್ಕೆ ಒಪ್ಪಿಸಿದರು. ತಲೆಮಾರುಗಳಿಂದ ಬಂದ ಅಭ್ಯಾಸವನ್ನು ಒಂದೇ ವರ್ಷದಲ್ಲಿ ಬಿಡುವುದು ಯಾವ ಪದಕಕ್ಕೂ ಕಡಿಮೆಯಾದ ಸಾಧನೆ ಅಲ್ಲ.

ಮೊದಲ ವರ್ಷದವರಿಗೆ ಒಂದು ಮಾದರಿ

ಹೊಸದಾಗಿ ಆರಂಭಿಸುವವರು ವರ್ಷವನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿಕೊಳ್ಳಬಹುದು.

ಮೊದಲ ಮೂರು ತಿಂಗಳು: ಮಾನ್ಯತೆ ಪಡೆದ ಕ್ಲಬ್ಬಿನಲ್ಲಿ ಸದಸ್ಯತ್ವ, ಸುರಕ್ಷತಾ ಪಾಠ, ಕ್ಲಬ್ಬಿನ ಆಯುಧದಲ್ಲೇ ಅಭ್ಯಾಸ. ಸ್ವಂತ ರೈಫಲ್ ಅಥವಾ ಪಿಸ್ತೂಲು ಖರೀದಿಗೆ ಆತುರ ಬೇಡ.

ನಾಲ್ಕರಿಂದ ಆರನೆಯ ತಿಂಗಳು: ನಿಲುವು ಮತ್ತು ಖಾಲಿ ಅಭ್ಯಾಸ. ಅಂಕ ಲೆಕ್ಕಹಾಕದೆ ಗುಂಡುಗಳ ಗುಂಪು ಕಿರಿದಾಗುವುದನ್ನಷ್ಟೇ ಗಮನಿಸಬೇಕು.

ಏಳರಿಂದ ಒಂಬತ್ತನೆಯ ತಿಂಗಳು: 60 ಹೊಡೆತದ ಪೂರ್ಣ ಸುತ್ತುಗಳು, ಕ್ಲಬ್ ಮಟ್ಟದ ಮೊದಲ ಸ್ಪರ್ಧೆ, ಹತ್ತು ಸುತ್ತುಗಳ ಸರಾಸರಿಯ ದಾಖಲೆ.

ಕೊನೆಯ ಮೂರು ತಿಂಗಳು: ಇನ್ನೊಂದು ಸ್ಪರ್ಧೆ, ದಿನಚರಿಯ ಮರುಓದು, ಮುಂದಿನ ವರ್ಷದ ಗುರಿ ನಿಗದಿ.

ಈ ಎಲ್ಲ ಗುರಿಗಳಿಗೂ ಮೇಲೆ ಬರೆಯಬೇಕಾದದ್ದು ಒಂದಿದೆ. ಯಾವ ಆಯುಧವನ್ನೂ ಗುಂಡು ತುಂಬಿದೆ ಎಂದೇ ಭಾವಿಸುವುದು, ನಳಿಗೆಯನ್ನು ಸದಾ ಸುರಕ್ಷಿತ ದಿಕ್ಕಿಗೆ ಇಡುವುದು, ಹೊಡೆಯಲು ಸಿದ್ಧವಾಗುವವರೆಗೆ ಬೆರಳನ್ನು ಕುದುರೆಯಿಂದ ದೂರವಿಡುವುದು, ಗುರಿಯ ಆಚೆಗೆ ಏನಿದೆಯೆಂದು ತಿಳಿದ ಮೇಲಷ್ಟೇ ಹೊಡೆಯುವುದು. ಆಯುಧ ಮತ್ತು ಗುಂಡುಗಳನ್ನು ಬೇರೆ ಬೇರೆಯಾಗಿ ಬೀಗ ಹಾಕಿಡುವುದು, ಕಣ್ಣು-ಕಿವಿಗೆ ರಕ್ಷಣೆ ಧರಿಸುವುದು, ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮುನ್ನ ಸಾಬೂನಿನಿಂದ ತೊಳೆಯುವುದು ಇದರ ಮುಂದುವರಿಕೆ. ಅಂಕದ ಗುರಿ ಈ ವರ್ಷ ತಪ್ಪಿದರೆ ಮುಂದಿನ ವರ್ಷ ತಲುಪಬಹುದು. ಸುರಕ್ಷತೆಯ ಗುರಿಗೆ ಎರಡನೆಯ ಅವಕಾಶ ಇರುವುದಿಲ್ಲ.